ಗಾಡಿಯವರು ಜಾಗ ಬಿಡುವ ಹಾಗೆ ಮಾಡಿದ್ದು

ಕತ್ತಲಿರುವಾಗಲೇ ರಸ್ತೆ ಅಂಚಿನಲ್ಲಿ ಓಡುವವನು ನಾನು. ಗಾಡಿಯವರಿಗೆ ಕೈ ತೋರಿಸಿದರೆ ಯಾರು ಸರಿಯುತ್ತಾರೆ, ನೀನೇ ಸರೀಬೇಕು ಅಂತ ಜೊತೆಗೆ ಓಡುವವರೆಲ್ಲ ಹೇಳಿದ್ದರು. ಎಂಟು ತಿಂಗಳಾಯಿತು. ಈಗ ಹತ್ತು ಗಾಡಿಯಲ್ಲಿ ಏಳೆಂಟು ವೇಗ ಇಳಿಸುತ್ತವೆ, ಇಲ್ಲವೇ ದೂರ ಸರಿದು ಹೋಗುತ್ತವೆ. ಮೊದಲು ಮೂರು ಸರಿದರೆ ಜಾಸ್ತಿ.

ಶುರುವಿನಲ್ಲಿ ಸುಮ್ನೆ ದುಡ್ಡು ಕಳೆದೆ. ತಲೆಗೆ ಕಟ್ಟುವ ಭಾರೀ ಬೆಳಕಿನ ಟಾರ್ಚ್ ತಂದೆ, ಒಂದು ಜೊತೆ ಒಳ್ಳೆ ಶೂ ಬೆಲೆ ಅದಕ್ಕೇ ಹೋಯಿತು. ಎದುರಿನ ಡ್ರೈವರ್ ಕಣ್ಣಿಗೆ ಅದು ನೇರ ಹೊಡೆಯುತ್ತಿತ್ತು. ಅವರೂ ಹೈ ಬೀಮ್, ಅಂದರೆ ದೂರಕ್ಕೆ ಹೊಡೆಯುವ ಜೋರು ಲೈಟ್ ಹಾಕುತ್ತಿದ್ದರು. ಒಮ್ಮೆ ಹಾಗೇ ಕಣ್ಣು ಕತ್ತಲೆಗಟ್ಟಿ, ರಸ್ತೆ ಅಂಚಿನ ಗುಂಡಿಗೆ ಕಾಲಿಟ್ಟು ಪಾದ ಉಳುಕಿತು. ಮೂರು ವಾರ ಓಟವಿಲ್ಲ.

ಆಗ ಕೂತು ಯೋಚಿಸಿದೆ. ಒಂದು ರಾತ್ರಿ ಖಾಲಿ ರಸ್ತೆಯಲ್ಲಿ ಗೆಳೆಯನಿಗೆ ಓಡಲು ಹೇಳಿ ನಾನು ಕಾರಲ್ಲಿ ಕೂತೆ. ತಗ್ಗಿಸಿದ ಲೈಟಿನಲ್ಲಿ (ಲೋ ಬೀಮ್), ಕಪ್ಪು ಬಟ್ಟೆಯಲ್ಲಿದ್ದ ಅವನು ಕಂಡಿದ್ದು ಹತ್ತಿರ ಹತ್ತಿರ 30 ಮೀಟರಿಗೆ. 60ರ ವೇಗದಲ್ಲಿ ಗಾಡಿ ಸೆಕೆಂಡಿಗೆ 16-17 ಮೀಟರ್ ಹೋಗುತ್ತದೆ. ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲಿ ಅರ್ಧ ದಾರಿ ಮುಗಿದಿರುತ್ತದೆ. ಆಮೇಲೆ ಅವನ ಪಾದದ ಗಂಟಿನ ಮೇಲೆ ರಿಫ್ಲೆಕ್ಟರ್ ಪಟ್ಟಿ, ಅಂದರೆ ಲೈಟ್ ಬಿದ್ದರೆ ಹೊಳೆಯುವ ಪಟ್ಟಿ ಕಟ್ಟಿಸಿದೆ. 100 ಮೀಟರ್ ಆಚೆಯಿಂದಲೇ ಮನುಷ್ಯ ಅಂತ ಗೊತ್ತಾಯಿತು. ಹಾಗೇ ಹೊಳೆಯುವ ಜಾಕೆಟ್ ಹಾಕಿದರೆ ಅದು ರಸ್ತೆ ಬದಿಯ ಬೋರ್ಡಿನ ಹಾಗೆ ಕಾಣುತ್ತದೆ. ಕಾಲು ಮೇಲೆ ಕೆಳಗೆ ಆಡುತ್ತದಲ್ವಾ, ಅದೇ ವ್ಯತ್ಯಾಸ. ಟಾರ್ಚಿನ ಬೆಲೆಗೆ ಇಂಥ ಪಟ್ಟಿ ಇಪ್ಪತ್ತು ಜೊತೆ ಬರುತ್ತಿತ್ತು.

ಬರುವ ಗಾಡಿ ಕಣ್ಣಿಗೆ ಕಾಣುವ ಹಾಗೆ, ಅದಕ್ಕೆ ಎದುರಾಗಿ ಓಡಬೇಕು ಅನ್ನೋದು ನಿಮಗೆ ಗೊತ್ತೇ ಇದೆ. ನನ್ನದು ಕೈ ಸನ್ನೆ. ಅಂಗೈ ಕೆಳಗೆ ಮಾಡಿ, ತೋಳು ಪೂರ್ತಿ ಚಾಚಿ, ನಿಧಾನಕ್ಕೆ ಎರಡು ಸಲ ಇಳಿಸುತ್ತೇನೆ. ಮೊದಲೆರಡು ವಾರ ತಡವಾಗಿ ಮಾಡುತ್ತಿದ್ದೆ. ಡ್ರೈವರ್‌ಗಳು ಗಾಬರಿಯಾಗಿ ಬ್ರೇಕ್ ಒತ್ತುತ್ತಿದ್ದರು, ಒಬ್ಬರಂತೂ ನಿಲ್ಲಿಸಿ ಏನಾಯಿತು ಅಂತ ಕೇಳಿದರು. ಗಾಡಿ 100 ಮೀಟರ್ ದೂರ ಇರುವಾಗಲೇ ಶುರುಮಾಡಿ. ವೇಗ ಇಳಿದ ಕೂಡಲೇ ಕೈ ಎತ್ತಿ ಥ್ಯಾಂಕ್ಸ್ ಹೇಳಿ. ಇದನ್ನು ಮಾತ್ರ ಬಿಡಬೇಡಿ, ನಾಳೆಯೂ ಅದೇ ಹೊತ್ತಿಗೆ ಅವರೇ ಬರುತ್ತಾರೆ. ಲಾರಿಗೆ ನನ್ನದು ಬೇರೆ ಸನ್ನೆ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನೀವು ಲಾರಿ ಕಂಡರೆ ಡಾಂಬರಿನಿಂದ ಇಳಿದುಬಿಡಿ, ಅದರ ಗಾಳಿಯೇ ತಳ್ಳುತ್ತದೆ.

ಬೆಳಿಗ್ಗೆ ಬರುವ ಒಂದು ವ್ಯಾನ್ ಇದೆ. ಅದರ ಕನ್ನಡಿ ಎರಡು ಸಲ ನನ್ನ ಮೊಣಕೈ ಸವರಿತ್ತು. ಸುಮಾರು ನಲವತ್ತು ದಿನ ಬಿಡದೆ ಕೈ ಎತ್ತಿದೆ. ಈಗ ಅದು ತಿರುವಿನಲ್ಲೇ ಲೈಟ್ ಇಳಿಸುತ್ತದೆ. ನೀರು ನಿಂತ ಕಡೆ ನಡಿಗೆಯ ವೇಗಕ್ಕೆ ಬಂದು, ನಾನು ದಾಟುವವರೆಗೂ ಕಾಯುತ್ತದೆ.