ನಿಕ್ಕಲ್ ದ್ರಾವಣದಲ್ಲಿ ಡೆಂಟಿಸಿಟಿ ಪಾಠ: ನನ್ನ ಅನುಭವ

ಬಿ.ಎಸ್ಸಿ. ಮಕ್ಕಳು ಡೆಂಟಿಸಿಟಿಯನ್ನು, ಅಂದರೆ ಒಂದು ಅಣು ಲೋಹವನ್ನು ಎಷ್ಟು ಕಡೆ ಹಿಡಿಯುತ್ತದೆ ಎಂಬ ಸಂಖ್ಯೆಯನ್ನು, ಉರು ಹೊಡೆದೇ ಬಂದಿರುತ್ತಾರೆ. ಅಮೋನಿಯ ಒಂದು, ಎಥಿಲೀನ್‌ಡೈಅಮೀನ್ ಎರಡು, ಇಡಿಟಿಎ ಆರು. ಪರೀಕ್ಷೆಗೆ ಅಷ್ಟು ಸಾಕು. ಎರಡು ಕಡೆ ಹಿಡಿದರೆ ಆಗುವ ಲಾಭ ಏನು ಅಂತ ಕೇಳಿದರೆ ಮಾತ್ರ ಕ್ಲಾಸ್ ಗಪ್‌ಚುಪ್. ಅದಕ್ಕೇ ನಾನು ಇದನ್ನು ಲ್ಯಾಬಿನಲ್ಲೇ ಶುರು ಮಾಡುತ್ತೇನೆ.

ನಿಕ್ಕಲ್ ಸಲ್ಫೇಟ್ ದ್ರಾವಣ ಹಸಿರು. ನಿಕ್ಕಲ್ ಸುತ್ತ ಆರು ನೀರಿನ ಅಣುಗಳಿರುತ್ತವೆ. ಫ್ಯೂಮ್ ಹುಡ್ ಒಳಗೆ, ಗ್ಲೌಸ್ ಹಾಕಿಕೊಂಡು, ನೀರು ಬೆರೆಸಿದ ಎಥಿಲೀನ್‌ಡೈಅಮೀನನ್ನು ಹನಿಹನಿಯಾಗಿ ಬಿಡುತ್ತೇನೆ. ಲ್ಯಾಬ್ ಭಾಷೆಯಲ್ಲಿ ಇದು ಬರೀ 'ಎನ್'. ಒಂದು ನಿಕ್ಕಲ್‌ಗೆ ಒಂದು ಎನ್ ಆದಾಗ ತಿಳಿನೀಲಿ, ಎರಡಾದಾಗ ನೀಲಿ, ಮೂರಾದಾಗ ನೇರಳೆ. ಆಮೇಲೆ ಎಷ್ಟು ಹಾಕಿದರೂ ನೇರಳೆಯೇ. ಮೂರಕ್ಕೇ ಯಾಕೆ ನಿಂತಿತು? ಜಾಗ ಇರುವುದು ಆರು, ಒಂದೊಂದು ಎನ್‌ಗೆ ಎರಡೆರಡು. ಇಷ್ಟನ್ನು ಮಕ್ಕಳೇ ಹೇಳಿಬಿಡುತ್ತಾರೆ.

ನನಗೆ ಜಾಸ್ತಿ ಇಷ್ಟ ಮುಂದಿನದು. ಇನ್ನೊಂದು ಟೆಸ್ಟ್‌ಟ್ಯೂಬಿಗೆ ಅಮೋನಿಯ ಹಾಕಿದರೆ ಮೊದಲು ಹಸಿರು ಪ್ರೆಸಿಪಿಟೇಟ್ ಬರುತ್ತದೆ, ಇನ್ನಷ್ಟು ಹಾಕಿದರೆ ಅದು ಕರಗಿ ನೀಲಿಯಾಗುತ್ತದೆ. ಆ ನೀಲಿಗೆ ಎನ್ ಬಿಟ್ಟರೆ ನೇರಳೆ. ನೇರಳೆಗೆ ಅಮೋನಿಯ ಬಿಟ್ಟರೆ? ಬಣ್ಣ ಕದಲುವುದೇ ಇಲ್ಲ. ಎರಡರಲ್ಲೂ ನಿಕ್ಕಲನ್ನು ಹಿಡಿದಿರುವುದು ಆರು ನೈಟ್ರೋಜನ್‌ಗಳೇ ಅಲ್ವಾ? ಆದರೂ ಸ್ಥಿರತೆಯ ಲಾಗ್ ಬೆಲೆ (ಹೆಚ್ಚಿದ್ದಷ್ಟೂ ಹಿಡಿತ ಗಟ್ಟಿ) ಅಮೋನಿಯಕ್ಕೆ ಸುಮಾರು 8.6, ಎನ್‌ಗೆ ಸುಮಾರು 18.3. ಮೂರು ಎನ್ ಒಳಗೆ ಹೋದರೆ ಆರು ಅಮೋನಿಯ ಹೊರಗೆ ಬರುತ್ತವೆ. ಬಿಡಿಯಾಗಿ ಓಡಾಡುವ ಅಣುಗಳು ಹೆಚ್ಚಿದವು, ಎಂಟ್ರೊಪಿಯೂ (ಅಣುಗಳ ಚೆಲ್ಲಾಪಿಲ್ಲಿತನ) ಹೆಚ್ಚಿತು. ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಹಿಡಿಯುವ ಅಣುವಿನ ಹಿಡಿತ ಗಟ್ಟಿಯಾಗುವುದಕ್ಕೆ ಕೀಲೇಟ್ ಪರಿಣಾಮ ಅನ್ನುತ್ತಾರೆ, ಅದರ ಮುಖ್ಯ ಕಾರಣ ಇದೇ.

"ಹೈಡ್ರಜೀನ್‌ನಲ್ಲೂ ಎರಡು ನೈಟ್ರೋಜನ್ ಇವೆಯಲ್ಲ" ಅನ್ನುವವರು ಇದ್ದೇ ಇರುತ್ತಾರೆ. ಒಳ್ಳೆಯ ತಕರಾರು. ಅಲ್ಲಿ ನೈಟ್ರೋಜನ್‌ಗಳು ಅಕ್ಕಪಕ್ಕದಲ್ಲೇ ಇವೆ. ಎರಡೂ ಒಂದೇ ಲೋಹವನ್ನು ಹಿಡಿದರೆ ಮೂರೇ ಪರಮಾಣುಗಳ ಬಿಗಿ ಉಂಗುರ ಆಗಬೇಕು. ಹಾಗಾಗಿ ಸಾಮಾನ್ಯವಾಗಿ ಒಂದೇ ತುದಿಯಿಂದ ಹಿಡಿಯುತ್ತದೆ, ಇಲ್ಲವೇ ಎರಡು ಲೋಹಗಳ ನಡುವೆ ಸೇತುವೆಯಾಗುತ್ತದೆ. ಎನ್‌ನದು ಲೋಹವೂ ಸೇರಿ ಐದರ ಉಂಗುರ, ಆರಾಮಾಗಿ ಕೂರುತ್ತದೆ.

ಉಳಿದ ನಿಕ್ಕಲ್ ವಿಷ, ಸಿಂಕಿಗೆ ಚೆಲ್ಲುವಂತಿಲ್ಲ, ವೇಸ್ಟ್ ಬಾಟಲಿಗೇ ಹೋಗಬೇಕು.

ಇಡಿಟಿಎ ಹಿಡಿತ ತೋರಿಸಲು ಕ್ಯಾಲ್ಸಿಯಂ ಇರುವ ಬೋರ್‌ವೆಲ್ ನೀರು ಸಾಕು. ಎರಿಯೊಕ್ರೋಮ್ ಬ್ಲ್ಯಾಕ್ ಟಿ ಎಂಬ ಸೂಚಕ ಬಣ್ಣ ಹಾಕಿ, ಇಡಿಟಿಎಯನ್ನು ಹನಿಹನಿಯಾಗಿ ಬಿಟ್ಟು ಟೈಟ್ರೇಟ್ ಮಾಡಿದರೆ ವೈನ್ ಕೆಂಪು ಹೋಗಿ ನೀಲಿ ಬರುತ್ತದೆ. ಒಂದು ಕ್ಯಾಲ್ಸಿಯಂಗೆ ಒಂದೇ ಇಡಿಟಿಎ, ಲೆಕ್ಕ ಸಲೀಸು. ಅಮೋನಿಯದ ಥರ ಒಂದೊಂದಾಗಿ ಸೇರುವಂತಿದ್ದರೆ ಇಷ್ಟು ಚುರುಕಾದ ಎಂಡ್‌ಪಾಯಿಂಟ್ (ಬಣ್ಣ ಬದಲಾಗುವ ಘಳಿಗೆ) ಎಲ್ಲಿ ಸಿಗಬೇಕು? ಪಿಎಚ್ 10ರ ಬಫರ್ ಮಾತ್ರ ತಪ್ಪಿಸುವಂತಿಲ್ಲ. ಆಮ್ಲದಲ್ಲಿ ಆ ಆರು ಜಾಗಗಳಲ್ಲಿ ಹಲವನ್ನು ಪ್ರೋಟಾನ್‌ಗಳೇ ಹಿಡಿದುಕೊಂಡಿರುತ್ತವೆ.