ಜಂಟಿ ಸಮಿತಿಗೆ ನಿಮ್ಮ ಮಾತು ಮುಟ್ಟಿಸುವುದು ಹೇಗೆ?

ದೊಡ್ಡ ಮಸೂದೆ ಬಂದಾಗ ಕೆಲವೊಮ್ಮೆ ಅದನ್ನು ಜಂಟಿ ಸಂಸದೀಯ ಸಮಿತಿಗೆ ಒಪ್ಪಿಸುತ್ತಾರೆ. ಎರಡೂ ಸದನದವರು ಅದರಲ್ಲಿರುತ್ತಾರೆ. 2024ರ ವಕ್ಫ್ ಮಸೂದೆ ಸಮಿತಿಯಲ್ಲಿ ಲೋಕಸಭೆಯಿಂದ 21, ರಾಜ್ಯಸಭೆಯಿಂದ 10 ಮಂದಿ ಇದ್ದರು. ಇಂಥ ಸಮಿತಿ ಜನರ ಅಭಿಪ್ರಾಯ ಕೇಳಿದಾಗ ಮಂಗಳೂರಿನಲ್ಲಿ ಕೂತು ನೀವೂ ಬರೆಯಬಹುದು.

ಮೊದಲು ಪತ್ರಿಕೆಯಲ್ಲಿ ಬರುವ ಪ್ರಕಟಣೆ ನೋಡಿ. ವಕ್ಫ್ ಮಸೂದೆಗೆ ಕೊಟ್ಟಿದ್ದು 15 ದಿನ ಮಾತ್ರ. ಹಾಗಾಗಿ ನಿಮ್ಮ ಸಂಘದ ಪರವಾಗಿ ಬರೆಯುವುದಿದ್ದರೂ ಮಹಾಸಭೆಗೆ ಕಾಯಬೇಡಿ. ಸಂಸತ್ತಿನ ಜಾಲತಾಣದಿಂದ ಮಸೂದೆಯ ಪೂರ್ತಿ ಪಠ್ಯ ಇಳಿಸಿಕೊಳ್ಳಿ. ಸುದ್ದಿ ಓದಿ ಬರೆದರೆ ಸಾಲದು.

ಬರೆಯುವಾಗ ಮಸೂದೆಯ ಯಾವ ಕಲಂ (ಸೆಕ್ಷನ್) ಬಗ್ಗೆ ಎಂದು ಹೆಸರಿಸಿ ಬರೆಯಿರಿ. ಎಲ್ಲದಕ್ಕಿಂತ ಮುಖ್ಯ ಇದೇ. ಉದಾಹರಣೆಗೆ, ಬಹುರಾಜ್ಯ (ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಸದಸ್ಯರಿರುವ) ಸಹಕಾರ ಸಂಘಗಳ ತಿದ್ದುಪಡಿ ಮಸೂದೆ 2022ರ ಡಿಸೆಂಬರಿನಲ್ಲಿ ಜಂಟಿ ಸಮಿತಿಗೆ ಹೋಯಿತು. ಲಾಭದಲ್ಲಿರುವ ಸಂಘ ವರ್ಷಕ್ಕೆ 1 ಕೋಟಿ ರೂಪಾಯಿ ಅಥವಾ ನಿವ್ವಳ ಲಾಭದ ಶೇ 1, ಯಾವುದು ಕಡಿಮೆಯೋ ಅಷ್ಟನ್ನು, ಸೊರಗಿದ ಸಂಘಗಳ ನಿಧಿಗೆ ಕಟ್ಟಬೇಕು ಎಂದು ಅದರಲ್ಲಿತ್ತು. ಕಾಸರಗೋಡಿನಲ್ಲೋ ಮುಂಬೈಯಲ್ಲೋ ಸದಸ್ಯರಿರುವ ನಮ್ಮ ಕಡೆಯ ಸಂಘಕ್ಕೆ ಇದು ಸಣ್ಣ ವಿಷಯವಲ್ಲ, ಅಲ್ವಾ? ‘ಈ ಮಸೂದೆ ಬೇಡ’ ಎಂದು ಸುಮ್ನೆ ಬರೆದರೆ ಸಮಿತಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ‘ಈ ಕಲಂನಿಂದ ನಮ್ಮ ಸಂಘದ ಲಾಭದಲ್ಲಿ ಇಷ್ಟು ಹೋಗುತ್ತದೆ, ಬದಲಿಗೆ ಹೀಗೆ ಮಾಡಿ’ ಎಂದು ಲೆಕ್ಕ ಸಮೇತ ಬರೆದರೆ ತೂಕ ಬರುತ್ತದೆ. ಬದಲಾಗಬೇಕಾದ ಸಾಲನ್ನೂ ನೀವೇ ಬರೆದುಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದೇ ಪತ್ರಕ್ಕೆ ನೂರು ಜನ ಸಹಿ ಹಾಕುವುದಕ್ಕಿಂತ ಇಂಥ ಒಂದು ಪುಟ ಮೇಲು.

ಭಾಷೆಯದ್ದೇ ತೊಡಕು. ವಕ್ಫ್ ಸಮಿತಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಎರಡು ಪ್ರತಿ ಕೇಳಿತ್ತು. ಕನ್ನಡದಲ್ಲೂ ತೆಗೆದುಕೊಳ್ಳಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಅಲ್ಲಿಯವರೆಗೆ ಮೊದಲು ಕನ್ನಡದಲ್ಲಿ ಬರೆದು, ಇಂಗ್ಲಿಷ್ ಬಲ್ಲ ವಕೀಲರಿಂದಲೋ ಉಪನ್ಯಾಸಕರಿಂದಲೋ ಅನುವಾದ ಮಾಡಿಸಿ. ಇಮೇಲ್ ಮಾಡಿದರೂ ಪಾಂಡೇಶ್ವರದ ಪ್ರಧಾನ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಹಾಕಿ, ರಸೀದಿ ಇಟ್ಟುಕೊಳ್ಳಿ. ಸಮಿತಿಯ ಮುಂದೆ ಬಂದು ಹೇಳುವ ಆಸೆಯಿದ್ದರೆ ಪತ್ರದಲ್ಲೇ ತಿಳಿಸಿ. ಕರೆಯುವುದು ಬಿಡುವುದು ಸಮಿತಿಗೆ ಬಿಟ್ಟದ್ದು. ಕಳಿಸಿದ ಪತ್ರ ಸಮಿತಿಯ ಗೋಪ್ಯ ದಾಖಲೆಯಾಗುತ್ತದೆ, ಫೇಸ್‌ಬುಕ್‌ಗೆ ಹಾಕಬೇಡಿ.

ರಾಜ್ಯದಲ್ಲೂ ಎರಡೂ ಸದನದವರು ಸೇರಿದ ಸಮಿತಿಗಳಿವೆ. ಬೆಂಗಳೂರಿನ ಭೂ ಒತ್ತುವರಿ ಬಗ್ಗೆ ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯಲ್ಲಿ 2007ರಲ್ಲಿ ವರದಿ ಕೊಟ್ಟದ್ದು ಅಂಥದ್ದೇ ಸಮಿತಿ.

ಜಂಟಿ ಸಂಸದೀಯ ಸಮಿತಿಯ ವರದಿ ಮಂಡನೆಯಾದ ಮೇಲೆ ನೀವು ಬರೆದ ಕಲಂ ಏನಾಯಿತು ನೋಡಿ. ಕೊನೆಯಲ್ಲಿ ಸದಸ್ಯರ ಭಿನ್ನಮತದ ಟಿಪ್ಪಣಿಗಳಿದ್ದರೆ ಅದನ್ನೂ ಓದಿ. ಸಮಿತಿಯ ಶಿಫಾರಸನ್ನು ಸರ್ಕಾರ ಒಪ್ಪಲೇಬೇಕೆಂದಿಲ್ಲ. ಮಸೂದೆ ಸದನಕ್ಕೆ ವಾಪಸ್ ಬರುವ ಮೊದಲು ಅದೇ ಪುಟವನ್ನು ನಿಮ್ಮ ಸಂಸದರ ಕೈಗೂ ಕೊಡಿ.