ಬೆನ್ನ ಹಿಂದೆ ನಿಂತವರಿಗೂ ಒಂದು ಕೆಲಸ

ವಿಡಿಯೊ ಆಟವನ್ನು ಪೂರ್ತಿ ಮಾಡಿ ಮುಗಿಸಿ, ಆಮೇಲೆ ಅದನ್ನು ಇಡಲು ಜಾಗ ಹುಡುಕುವುದು ನಮ್ಮ ವೃತ್ತಿಯವರ ರೂಢಿ. ನಾನು ಜಾಗವನ್ನು ಮೊದಲು ಹಿಡಿದು, ಆಟವನ್ನು ಆಮೇಲೆ ಮಾಡುತ್ತೇನೆ. ಗ್ರಂಥಾಲಯದ ಮೊಗಸಾಲೆ, ಆಸ್ಪತ್ರೆಯಲ್ಲಿ ಸರದಿಗೆ ಕಾಯುವ ಕೋಣೆ, ವಸ್ತುಸಂಗ್ರಹಾಲಯದ ಪಡಸಾಲೆ, ಇಂಥ ಕಡೆ ನಿಲ್ಲಿಸುವ ಇಬ್ಬರ ಆಟಗಳು ನನ್ನ ಕಸುಬು. ಆನ್‌ಲೈನ್ ಇಲ್ಲದ ಆಟದ ಮುಂದೆ ಈ ಕಾಲದಲ್ಲಿ ಯಾರು ನಿಲ್ಲುತ್ತಾರೆ ಎಂದು ಜೊತೆಯವರು ನಕ್ಕಿದ್ದರು. ನನ್ನ ಮೂರನೆಯ ಯಂತ್ರವನ್ನು ಇಟ್ಟು ಸುಮಾರು ಎರಡು ವರ್ಷವಾಯಿತು, ಅದರ ಮುಂದಿನ ಗುಂಪು ಕರಗಿಲ್ಲ. ನಕ್ಕವರಲ್ಲಿ ಇಬ್ಬರು ಈಗ ನನ್ನ ನಕ್ಷೆ ಕೇಳುತ್ತಿದ್ದಾರೆ.

ಮೊದಲ ಯಂತ್ರಕ್ಕೆ ಬಂದ ಹಣದಲ್ಲಿ ಹತ್ತಿರಹತ್ತಿರ ಮುಕ್ಕಾಲು ಭಾಗ ಪೆಟ್ಟಿಗೆಗೇ ಹೋಯಿತು. ಒಳ್ಳೆಯ ಮರ, ಬಾಗಿದ ಪರದೆ, ಕೂರಲು ಪೀಠ, ಕಿವಿಗೆ ಇಂಪಾದ ಧ್ವನಿಸೂಚನೆಗಳು. ಮನೆಯಲ್ಲಿ ಪ್ಲೇಟೆಸ್ಟ್ ಮಾಡಿದಾಗ, ಅಂದರೆ ನಾಲ್ಕು ಜನರಿಂದ ಆಡಿಸಿ ನೋಡಿದಾಗ, ಎಲ್ಲರೂ ಹೊಗಳಿದರು. ಪಡಸಾಲೆಯಲ್ಲಿಟ್ಟ ದಿನ ಧ್ವನಿಸೂಚನೆ ಒಂದೂ ಕೇಳಿಸಲಿಲ್ಲ. ಆಟ ಕಲಿಸುವ ಟ್ಯುಟೋರಿಯಲ್ ಮೂರು ನಿಮಿಷದ್ದು, ಜನ ಅಲ್ಲಿ ನಿಲ್ಲುತ್ತಿದ್ದದ್ದು ಹೆಚ್ಚೆಂದರೆ ಎರಡು ನಿಮಿಷ. ಪೀಠದ ಮೇಲಂತೂ ಯಾರೂ ಕೂರಲಿಲ್ಲ. ಅಪರಿಚಿತರ ಗುಂಪಿಗೆ ಬೆನ್ನು ಕೊಟ್ಟು ಕೂರಲು ದೊಡ್ಡವರಿಗೆ ಮುಜುಗರ. ಅದೇ ಯಂತ್ರದ ಕೊನೆಯ ಕಂತಿನ ಹಣ ಇವತ್ತಿಗೂ ಬಂದಿಲ್ಲ, ಆ ಮಾತು ಇಲ್ಲಿ ಬೇಡ.

ಅಲ್ಲೇ ಕಂಡದ್ದು ಮಾತ್ರ ಮುಂದಿನ ಎಲ್ಲದಕ್ಕೂ ದಾರಿಯಾಯಿತು. ಒಬ್ಬ ಹುಡುಗ ಜಾಯ್‌ಸ್ಟಿಕ್ ಹಿಡಿದಿದ್ದ. ಅವನ ಹಿಂದೆ ಐದಾರು ಜನ ನಿಂತು ಎಡಕ್ಕೆ, ಬಲಕ್ಕೆ, ಹಾರು ಎಂದು ಅಪ್ಪಣೆ ಕೊಡುತ್ತಿದ್ದರು. ಒಬ್ಬರು ಅವನ ಭುಜದ ಮೇಲಿಂದ ಕೈ ಚಾಚಿ ಗುಂಡಿಯನ್ನೇ ಒತ್ತಿಬಿಟ್ಟರು. ಆಡುವವನು ಒಬ್ಬ, ಆಟದಲ್ಲಿರುವವರು ಏಳು ಮಂದಿ. ನನ್ನ ಆಟದಲ್ಲಿ ಉಳಿದ ಆರು ಮಂದಿಗೆ ಏನೂ ಇರಲಿಲ್ಲ.

ನಂತರದ ಕೆಲಸಕ್ಕೆ ಗೋಡೋ ಎಂಬ ಆಟ ಕಟ್ಟುವ ತಂತ್ರಾಂಶ ತೆರೆಯುವ ಮೊದಲು ಕೆಲವು ವಾರ ಬರಿಗೈಯಲ್ಲಿ ಆ ಜಾಗದಲ್ಲಿ ಹೋಗಿ ಕುಳಿತೆ. ಜನ ಎಲ್ಲಿ ಒರಗುತ್ತಾರೆ, ಚೀಲ ಎಲ್ಲಿಡುತ್ತಾರೆ, ಯಾರು ಯಾರಿಗೆ ದಾರಿ ಬಿಡುತ್ತಾರೆ ಎಂದು ಗುರುತು ಹಾಕಿಕೊಂಡೆ. ಬಹುತೇಕರ ಒಂದು ಕೈ ಸದಾ ತುಂಬಿರುತ್ತದೆ, ಮೊಬೈಲ್ ಅಥವಾ ಮಗು. ಹಾಗಾಗಿ ಒಂದು ಕೋಲು, ಒಂದು ಗುಂಡಿ, ಒಂದೇ ಕೈಯ ಆಟ. ಒಂದು ಸುತ್ತು ತೊಂಬತ್ತು ಸೆಕೆಂಡಿನ ಆಸುಪಾಸು. ಟ್ಯುಟೋರಿಯಲ್ ಕಿತ್ತೆಸೆದೆ. 1972ರಲ್ಲಿ ಅಮೆರಿಕದ ಸನ್ನಿವೇಲ್‌ನ ಒಂದು ಪಾನಗೃಹದಲ್ಲಿ ಪಾಂಗ್ ಎಂಬ ಚೆಂಡಿನ ವಿಡಿಯೊ ಆಟದ ಮೊದಲ ಯಂತ್ರ ಕೆಟ್ಟು ನಿಂತದ್ದು ನಾಣ್ಯದ ಡಬ್ಬಿ ತುಂಬಿ ತುಳುಕಿದ್ದರಿಂದ. ಹೆಚ್ಚು ಅಂಕ ಬೇಕಿದ್ದರೆ ಚೆಂಡು ತಪ್ಪಿಸಿಕೊಳ್ಳಬೇಡಿ ಎಂಬ ಒಂದು ಸಾಲಿನ ಸೂಚನೆ ಅದಕ್ಕೆ ಸಾಕಾಗಿತ್ತು. ಕೈಯಲ್ಲಿ ಲೋಟ ಹಿಡಿದು ನಿಂತವನಿಗೆ ಅದಕ್ಕಿಂತ ಹೆಚ್ಚು ಓದಿಸಲಾಗದು.

ಇನ್ನು ಮುಖ್ಯ ಕಸರತ್ತು. ಆಡುವವರ ಮುಂದೆ ಕೆಳಗೊಂದು ಪರದೆ, ಅವರ ತಲೆಯ ಮೇಲೆ ಇನ್ನೊಂದು. ಮೇಲಿನದು ಹಿಂದೆ ನಿಂತವರಿಗೆ ಮಾತ್ರ ಕಾಣುತ್ತದೆ. ಮುಂದೆ ಬರುವ ಅಪಾಯ ಅದರಲ್ಲಿ ಮೊದಲೇ ತೋರುತ್ತದೆ. ಹಿಂದಿನವರು ಹೇಳದಿದ್ದರೆ ಮುಂದಿನವರು ಸೋಲುತ್ತಾರೆ. ಗ್ರಂಥಾಲಯದಲ್ಲಿ ಕೂಗಾಟವಾಗುತ್ತದೆ ಎಂದು ಎಲ್ಲರೂ ಹೆದರಿಸಿದರು. ಆದದ್ದೇ ಬೇರೆ: ಜನ ಪಿಸುಗುಟ್ಟಿದರು, ಪಿಸುಮಾತು ಕೇಳಲು ಆಡುವವರು ಹಿಂದಕ್ಕೆ ವಾಲಿದರು, ಅದೇ ಮಜವಾಯಿತು. ಅದೇ ಆಟವನ್ನು ಆಸ್ಪತ್ರೆಯಲ್ಲಿಟ್ಟಾಗ ಅಪರಿಚಿತರು ಬಾಯಿ ಬಿಡಲಿಲ್ಲ, ಬೆರಳು ತೋರಿಸಿದರು. ಆದರೆ ಬೆನ್ನ ಹಿಂದಿನ ಬೆರಳು ಆಡುವವರಿಗೆ ಕಾಣುವುದು ಹೇಗೆ? ಕೆಳಗಿನ ಪರದೆಯ ಪಕ್ಕದಲ್ಲಿ ಚಿಕ್ಕ ಕನ್ನಡಿ ಹಾಕಿದೆ. ಎಲ್ಲ ಭಾಗಗಳಿಗಿಂತ ಅಗ್ಗದ ಭಾಗ ಅದು, ಅತ್ಯಂತ ಹೆಚ್ಚು ದುಡಿದದ್ದೂ ಅದೇ.

ಹಣ ಕೊಡುವವರು ಪಾತ್ರಗಳಿಗೆ ಸಾಂಪ್ರದಾಯಿಕ ಉಡುಗೆ ತೊಡಿಸಿ, ಸಂಸ್ಕೃತಿ ಕಾಣಲಿ ಎನ್ನುತ್ತಾರೆ. ತೊಡಿಸುತ್ತೇನೆ, ನನ್ನ ಗಂಟೇನೂ ಹೋಗುವುದಿಲ್ಲ. ಆದರೆ ಹಿರಿಯರು ಆಡದೆ ಅಪ್ಪಣೆ ಮಾತ್ರ ಕೊಡುವುದು, ಸೋತವರು ಕೋಲನ್ನು ಪಕ್ಕದ ಮಗುವಿಗೆ ತಾವಾಗಿಯೇ ದಾಟಿಸುವುದು, ಇವು ಯಾವ ಉಡುಗೆಯಲ್ಲೂ ಇಲ್ಲ. ಇಬ್ಬರು ಹೊಡೆದಾಡುವ ಸ್ಟ್ರೀಟ್ ಫೈಟರ್ 2 ಆಟ ಬಂದದ್ದು 1991ರಲ್ಲಿ. ಅಮೆರಿಕದಲ್ಲಿ ಎದುರಾಳಿಗಳು ಒಂದೇ ಪೆಟ್ಟಿಗೆಯ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಂತರು. ಜಪಾನಿನಲ್ಲಿ ಎರಡು ಯಂತ್ರಗಳನ್ನು ಬೆನ್ನಿಗೆ ಬೆನ್ನು ಹಚ್ಚುವ ರೂಢಿ ಬಂತು, ಎದುರಾಳಿಯ ಮುಖ ಕಾಣದಂತೆ. ಹೊಡೆದಾಟ ಒಂದೇ, ಸೋತವನ ಅವಮಾನ ಬೇರೆ. ಎರಡನ್ನೂ ಪರೀಕ್ಷಿಸಿದೆ. ಬೆನ್ನಿಗೆ ಬೆನ್ನು ಇಟ್ಟಾಗ ಒಂಟಿಯಾಗಿ ಬಂದವರು ಹೆಚ್ಚು ಆಡಿದರು, ನೋಡುವವರ ಗುಂಪು ಮಾತ್ರ ಎರಡಾಗಿ ಒಡೆಯಿತು. ಕೊನೆಗೆ ಎರಡು ಕೋಲುಗಳನ್ನು ಓರೆಯಾಗಿ ಇಟ್ಟೆ. ಎಷ್ಟು ಓರೆ ಎಂಬುದು ನನ್ನಲ್ಲೇ ಇರಲಿ.

ಮಧ್ಯೆ ಮೈಕ್‌ನ ಹುಚ್ಚೂ ಹಿಡಿದಿತ್ತು. ನಿಂಟೆಂಡೊ ಕಂಪನಿ ಜಪಾನಿನಲ್ಲಿ ಮಾರಿದ ಮನೆಯ ಆಟದ ಯಂತ್ರ ಫ್ಯಾಮಿಕಾಮ್‌ನ ಎರಡನೇ ಕಂಟ್ರೋಲರ್‌ನಲ್ಲಿ ಮೈಕ್ ಇತ್ತು. ಜಪಾನಿನಲ್ಲಿ ಬಂದ ಮೊದಲ ಜೆಲ್ಡಾ ಆಟದಲ್ಲಿ ಉದ್ದ ಕಿವಿಯ ಒಂದು ಜೀವಿಯನ್ನು ಆ ಮೈಕ್‌ಗೆ ಕೂಗಿಯೇ ಕೊಲ್ಲಬಹುದಿತ್ತು. ಅಮೆರಿಕದ ಯಂತ್ರದಲ್ಲಿ ಮೈಕ್ ಇರಲಿಲ್ಲ, ಆ ಜೀವಿಗೆ ದೊಡ್ಡ ಸದ್ದು ಆಗದು ಎಂಬ ಸುಳಿವು ಮಾತ್ರ ಕೈಪಿಡಿಯಲ್ಲಿ ಉಳಿಯಿತು. ನಾನೂ ಮೈಕ್ ಹಾಕಿ ನೋಡಿದೆ, ಪಡಸಾಲೆಯ ಗದ್ದಲಕ್ಕೆ ಆಟ ತಾನೇ ಗೆಲ್ಲತೊಡಗಿತು. ಕಿತ್ತುಹಾಕಿದೆ. ಗುಂಡಿಯ ಮೇಲಿನ ಚಿಹ್ನೆಗಳನ್ನೂ ಅಳಿಸಿದೆ. ಸೋನಿಯ ಆಟದ ಯಂತ್ರ ಪ್ಲೇಸ್ಟೇಷನ್‌ನಲ್ಲಿ ಜಪಾನಿನವರಿಗೆ ವೃತ್ತವೆಂದರೆ ಸರಿ, ಕತ್ತರಿ ಗುರುತೆಂದರೆ ರದ್ದು. ಪಶ್ಚಿಮದಲ್ಲಿ ಬಹುಪಾಲು ಅದರ ತಿರುಗುಮುರುಗು. 2020ರಲ್ಲಿ ಪ್ಲೇಸ್ಟೇಷನ್ 5 ಬರುವವರೆಗೂ ಹಾಗೇ ನಡೆಯಿತು. ನನ್ನ ಯಂತ್ರದಲ್ಲಿ ಇರುವುದೊಂದೇ ಗುಂಡಿ, ಅದಕ್ಕೆ ಬರೀ ಬಣ್ಣ ಸಾಕು.

ಖರ್ಚಿನ ಮಾತು. ಮೂರನೆಯ ಯಂತ್ರಕ್ಕೆ ಮೊದಲಿನದರ ಐದರಲ್ಲೊಂದು ಭಾಗವೂ ತಗಲಿಲ್ಲ. ಪರದೆ ಎರಡೂ ಬಳಸಿದವು, ಪೆಟ್ಟಿಗೆ ಸಾದಾ ಪ್ಲೈವುಡ್. ಉಳಿಸಿದ್ದನ್ನೆಲ್ಲ ಗುಂಡಿಗಳಿಗೆ ಸುರಿದೆ. ಅಗ್ಗದ ಗುಂಡಿ ತಿಂಗಳೊಪ್ಪತ್ತಿನಲ್ಲಿ ಸಡಿಲವಾಗುತ್ತದೆ, ಒಳ್ಳೆಯದು ವರ್ಷ ದಾಟುತ್ತದೆ. ಯಂತ್ರವನ್ನು ಮಾರುವುದನ್ನು ಬಿಟ್ಟು, ವರ್ಷದ ನಿರ್ವಹಣೆಗೆ ಮುಂಗಡ ಕೇಳುತ್ತೇನೆ. ಒಂದಿಬ್ಬರು ಹಿಂದೆ ಸರಿದರು, ಉಳಿದವರು ಪ್ರತಿ ವರ್ಷ ಕೊಡುತ್ತಿದ್ದಾರೆ. ಯಾರೂ ಆಡದಿರುವಾಗ ಮೇಲಿನ ಪರದೆಯಲ್ಲಿ ಏನು ಓಡುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ದಾರಿಹೋಕನನ್ನು ನಿಲ್ಲಿಸುವುದು ಅದೇ ಆದ್ದರಿಂದ, ಯಂತ್ರದ ಮುಂದೆ ನಿಂತು ನೋಡಿಕೊಳ್ಳಿ ಎನ್ನುತ್ತೇನೆ.